ಪಾತ್ರ ಅಡುಗೆಮನೆಯಿಂದ ಹಿತ್ತಿಲಿಗೆ ಹೋದರೆ ಹೊಸ ದೃಶ್ಯ ಶೀರ್ಷಿಕೆ ಬೇಕೇ?

ಪ್ರಶ್ನೆ: ನನ್ನ ಮೊದಲ ಚಿತ್ರಕಥೆಯನ್ನು ಕನ್ನಡದಲ್ಲಿಯೇ ಬರೆಯುತ್ತಿದ್ದೇನೆ. ಅದರಲ್ಲಿ ತಾಯಿಯೊಬ್ಬಳು ಅಡುಗೆಮನೆಯಲ್ಲಿ ಮಗನೊಂದಿಗೆ ಜಗಳ ಆರಂಭಿಸಿ, ಮಾತಾಡುತ್ತಲೇ ನಡುಮನೆ ದಾಟಿ ಹಿತ್ತಿಲಿನ ಬಾವಿಕಟ್ಟೆಯವರೆಗೆ ಹೋಗುತ್ತಾಳೆ. ಮಾತು ನಡುವೆ ಎಲ್ಲಿಯೂ ನಿಲ್ಲುವುದಿಲ್ಲ. ಇದನ್ನು ಒಂದೇ ದೃಶ್ಯವಾಗಿ ಬರೆಯಬೇಕೇ, ಇಲ್ಲವೇ ಪ್ರತಿ ಜಾಗಕ್ಕೂ ಬೇರೆ ಶೀರ್ಷಿಕೆ ಕೊಡಬೇಕೇ?

ಉತ್ತರ: ಬೇರೆ ಶೀರ್ಷಿಕೆ ಕೊಡಬೇಕು. ಕಥೆಯ ಲೆಕ್ಕದಲ್ಲಿ ನಿಮ್ಮ ಜಗಳ ಒಂದೇ ಆದರೂ ಚಿತ್ರೀಕರಣದ ಲೆಕ್ಕದಲ್ಲಿ ಅದು ಮೂರು ಕೆಲಸ, ಮತ್ತು ದೃಶ್ಯ ಶೀರ್ಷಿಕೆ, ಅಂದರೆ ಪ್ರತಿ ದೃಶ್ಯದ ಮೇಲೆ ಜಾಗವನ್ನೂ ಹೊತ್ತನ್ನೂ ತಿಳಿಸುವ ಸಾಲು, ಇರುವುದು ಚಿತ್ರೀಕರಣದ ಲೆಕ್ಕಕ್ಕಾಗಿಯೇ. ದೃಶ್ಯ ನಡೆಯುವ ಜಾಗ ಬದಲಾದರೆ ಅಥವಾ ಕಥೆಯೊಳಗಿನ ಹೊತ್ತು ಬದಲಾದರೆ ಹೊಸ ಶೀರ್ಷಿಕೆ ಬರುತ್ತದೆ. ಈ ಎರಡೂ ಬದಲಾಗದಿದ್ದರೆ ಹೊಸ ಪಾತ್ರ ಒಳಗೆ ಬಂದರೂ, ಮಾತಿನ ವಿಷಯ ಪೂರ್ತಿ ತಿರುಗಿದರೂ ಹಳೆಯ ಶೀರ್ಷಿಕೆಯೇ ಮುಂದುವರಿಯುತ್ತದೆ. ನಾಟಕ ಬರೆದು ರೂಢಿಯಿರುವವರು ಈ ಎರಡನೆಯ ಮಾತನ್ನು ಹೆಚ್ಚು ಗಮನಿಸಬೇಕು. ಪಾತ್ರವೊಂದು ಪ್ರವೇಶಿಸಿದ ಕೂಡಲೇ ದೃಶ್ಯ ಬದಲಿಸುವ ಅಭ್ಯಾಸ ಅವರಲ್ಲಿ ಸಾಮಾನ್ಯವಾಗಿರುತ್ತದೆ.

ಈ ನಿಯಮಕ್ಕೆ ಕಾರಣ, ಸಿನಿಮಾವನ್ನು ಕಥೆಯ ಕ್ರಮದಲ್ಲಿ ಚಿತ್ರೀಕರಿಸುವುದು ಬಹಳ ಅಪರೂಪ ಎಂಬುದು. ಒಂದು ಜಾಗದಲ್ಲಿ ನಡೆಯುವ ಎಲ್ಲ ದೃಶ್ಯಗಳನ್ನು, ಅವು ಕಥೆಯ ಆರಂಭದವಾಗಲಿ ಕೊನೆಯವಾಗಲಿ, ಒಟ್ಟಿಗೆ ಮುಗಿಸಿ ಮುಂದಿನ ಜಾಗಕ್ಕೆ ಹೋಗುತ್ತಾರೆ. 1910ರ ದಶಕದಲ್ಲಿ ಅಮೆರಿಕದ ನಿರ್ಮಾಪಕ ಥಾಮಸ್ ಇನ್ಸ್ ಅವರ ಸ್ಟುಡಿಯೋದಲ್ಲಿ ದೃಶ್ಯಗಳನ್ನು ಬಿಡಿಬಿಡಿಯಾಗಿ, ಜಾಗದ ವಿವರದೊಂದಿಗೆ ಮುಂಚಿತವಾಗಿ ಬರೆದಿಟ್ಟುಕೊಳ್ಳುವ ಪದ್ಧತಿ ಬಲವಾಗಿ ಬೇರೂರಿದ್ದು ಇದೇ ಅನುಕೂಲಕ್ಕಾಗಿ. ನಿಮ್ಮ ಚಿತ್ರಕಥೆ ಸಹಾಯಕ ನಿರ್ದೇಶಕರ ಕೈಗೆ ಹೋದಾಗ ಅವರು ಮೊದಲು ಮಾಡುವ ಕೆಲಸ ಶೀರ್ಷಿಕೆಗಳನ್ನು ಒಂದೊಂದಾಗಿ ಬಿಡಿಸಿ ಪಟ್ಟಿ ಮಾಡುವುದು. ಪ್ರತಿ ದೃಶ್ಯದ ಉದ್ದವನ್ನು ಪುಟದ ಎಂಟನೆಯ ಒಂದು ಭಾಗದ ಅಳತೆಯಲ್ಲಿ ಗುರುತಿಸಿ, ಯಾವ ದಿನ ಯಾವ ದೃಶ್ಯ ಎಂದು ತೋರಿಸುವ ಶೆಡ್ಯೂಲ್ ಹಲಗೆಯ ಮೇಲೆ ಹಗಲಿನ ಒಳಾಂಗಣಕ್ಕೆ ಬಿಳಿ, ಹಗಲಿನ ಹೊರಾಂಗಣಕ್ಕೆ ಹಳದಿ, ರಾತ್ರಿಯ ಒಳಾಂಗಣಕ್ಕೆ ನೀಲಿ, ರಾತ್ರಿಯ ಹೊರಾಂಗಣಕ್ಕೆ ಹಸಿರು ಬಣ್ಣದ ಉದ್ದನೆಯ ಚೀಟಿಯನ್ನು ಇಡುವುದು ಹಾಲಿವುಡ್‌ನಲ್ಲಿ ರೂಢಿಯಾಗಿ ಇಂದಿನ ಶೆಡ್ಯೂಲಿಂಗ್ ತಂತ್ರಾಂಶಗಳಿಗೂ ಬಂದಿರುವ ಕ್ರಮ. ಅಡುಗೆಮನೆಯ ಶೀರ್ಷಿಕೆಯಡಿಯಲ್ಲಿ ಬಾವಿಕಟ್ಟೆಯೂ ಅಡಗಿ ಕುಳಿತಿದ್ದರೆ ಆ ಪಟ್ಟಿಯಲ್ಲಿ ಬಾವಿಕಟ್ಟೆ ಇರುವುದೇ ಇಲ್ಲ. ಅಡುಗೆಮನೆಯನ್ನು ಬೆಂಗಳೂರಿನ ಸ್ಟುಡಿಯೋ ಒಂದರಲ್ಲಿ ಸೆಟ್ ಹಾಕಿ, ಹಿತ್ತಿಲನ್ನು ತೀರ್ಥಹಳ್ಳಿಯ ಕಡೆ ಹಳೆಯ ಮನೆಯೊಂದರಲ್ಲಿ ಚಿತ್ರೀಕರಿಸುವ ಸಾಧ್ಯತೆಯೂ ಇರುತ್ತದೆ. ಆ ನಿರ್ಧಾರ ನಿಮ್ಮದಲ್ಲ. ಅದನ್ನು ತೆಗೆದುಕೊಳ್ಳುವವರಿಗೆ ದಾರಿ ಬಿಟ್ಟಿರಬೇಕಾದ ಹೊಣೆ ಮಾತ್ರ ನಿಮ್ಮದು.

ಶೀರ್ಷಿಕೆಯ ಸಾಲಿನಲ್ಲಿ ಮೂರು ಸಂಗತಿಗಳು ಇದೇ ಕ್ರಮದಲ್ಲಿ ಇರುತ್ತವೆ: ಒಳಾಂಗಣವೋ ಹೊರಾಂಗಣವೋ, ಜಾಗ ಯಾವುದು, ಹೊತ್ತು ಯಾವುದು.

ಒಳಾಂಗಣ. ಶಾರದಮ್ಮನ ಮನೆ – ಅಡುಗೆಮನೆ – ಹಗಲು

ಇವುಗಳಲ್ಲಿ ಮೊದಲನೆಯದು ಅತ್ಯಂತ ಸುಲಭವೆಂದು ತೋರುತ್ತದೆ, ಆದರೆ ನಮ್ಮ ಮನೆಗಳ ವಿಷಯದಲ್ಲಿ ಅದೇ ಹೆಚ್ಚು ತೊಡಕಿನದು. ತೊಟ್ಟಿಮನೆಯ ತೊಟ್ಟಿಯನ್ನು ತೆಗೆದುಕೊಳ್ಳಿ. ಸುತ್ತ ನಾಲ್ಕು ಕಡೆಯೂ ಮನೆಯಿದೆ, ನಡುವೆ ಆಕಾಶ ತೆರೆದಿದೆ, ಮಳೆ ಬಂದರೆ ನೀರು ನೇರವಾಗಿ ಅಂಗಳಕ್ಕೆ ಬೀಳುತ್ತದೆ. ಮನೆಯವರ ಮಾತಿನಲ್ಲಿ ಅದು ಮನೆಯೊಳಗೇ ಸೇರಿದ್ದು. ಛಾಯಾಗ್ರಾಹಕರಿಗೆ ಮಾತ್ರ ಅದು ಬಿಸಿಲು, ಮೋಡ, ಮಳೆಗಳನ್ನು ನಂಬಿಕೊಂಡ ಜಾಗ. ಮಧ್ಯಾಹ್ನ ಹನ್ನೆರಡಕ್ಕೆ ಬಿದ್ದ ಬಿಸಿಲು ನಾಲ್ಕಕ್ಕೆ ಅಲ್ಲಿರುವುದಿಲ್ಲ. ಆದ್ದರಿಂದ ತೊಟ್ಟಿಯಲ್ಲಿ ನಡೆಯುವ ದೃಶ್ಯವನ್ನು ಹೊರಾಂಗಣವೆಂದೇ ಬರೆಯುವುದು ಸರಿಯೆಂದು ನನ್ನ ಖಚಿತ ಅಭಿಪ್ರಾಯ. ಪಾತ್ರಗಳು ತೊಟ್ಟಿಯ ಸುತ್ತಲಿನ ಪಡಸಾಲೆಗೂ ಅಂಗಳಕ್ಕೂ ಓಡಾಡುತ್ತಿದ್ದರೆ ‘ಒಳ/ಹೊರ’ ಎಂದು ಬರೆಯಬಹುದು. ಮೇಲೆ ಚಾವಣಿಯಿದ್ದು ಮುಂಭಾಗ ತೆರೆದಿರುವ ಜಗಲಿಗೂ ಇದೇ ತರ್ಕ ಅನ್ವಯಿಸುತ್ತದೆ: ಬೆಳಕು ಹೊರಗಿನದು, ಹಾಗಾಗಿ ದೃಶ್ಯವೂ ಹೊರಗಿನದು. ಓಡುವ ಬಸ್ಸಿನೊಳಗಿನ ಮಾತುಕತೆ ಒಳಾಂಗಣ. ಅದೇ ಮಾತುಕತೆಯ ನಡುವೆ ರಸ್ತೆಯಿಂದ ಬಸ್ಸನ್ನು ನೋಡುವ ನೋಟವೂ ಮತ್ತೆ ಮತ್ತೆ ಬೇಕಾದರೆ ‘ಒಳ/ಹೊರ’. ಪಾತ್ರ ಕಿಟಕಿಯ ಬಳಿ ನಿಂತು ಬೀದಿಯನ್ನು ನೋಡುತ್ತಿದ್ದು, ನಾವು ಆಕೆಯ ಜೊತೆಯಲ್ಲೇ ನಿಂತು ನೋಡುತ್ತಿದ್ದರೆ ಅದು ಒಳಾಂಗಣವೇ. ಬೀದಿಯಲ್ಲಿ ಏನು ಕಾಣುತ್ತದೆ ಎಂಬುದನ್ನು ಕೆಳಗಿನ ವಿವರಣೆಯಲ್ಲಿ ಹೇಳಿದರೆ ಸಾಕು.

ಜಾಗದ ಹೆಸರನ್ನು ದೊಡ್ಡದರಿಂದ ಚಿಕ್ಕದಕ್ಕೆ ಬರೆಯಬೇಕು. ಮೊದಲು ಮನೆ, ಆಮೇಲೆ ಕೋಣೆ. ಒಮ್ಮೆ ಕೊಟ್ಟ ಹೆಸರನ್ನು ಕೊನೆಯ ಪುಟದವರೆಗೂ ಒಂದಕ್ಷರ ಬದಲಿಸದೆ ಬಳಸಬೇಕು. ಕಥೆಗಾರರಿಗೆ ಒಂದೇ ಪದವನ್ನು ಮತ್ತೆ ಮತ್ತೆ ಬರೆಯುವುದು ಬೇಸರವೆನಿಸಿ ‘ಶಾರದಮ್ಮನ ಮನೆ’ಯನ್ನು ಹತ್ತು ಪುಟದ ನಂತರ ‘ಹಳೆಯ ಮನೆ’ ಎಂದೋ ‘ದೊಡ್ಡಮನೆ’ ಎಂದೋ ಕರೆಯುವ ಆಸೆ ಬರುತ್ತದೆ, ಆದರೆ ಪಟ್ಟಿ ಮಾಡುವವರಿಗೆ ಅದು ಇನ್ನೊಂದು ಮನೆ ಹುಡುಕಬೇಕೆಂಬ ಸೂಚನೆಯಾಗುತ್ತದೆ. ಕನ್ನಡದಲ್ಲಿ ಬರೆಯುವವರಿಗೆ ಕಾಗುಣಿತದ ಎಚ್ಚರವೂ ಬೇಕು. ‘ಅಡುಗೆಮನೆ’, ‘ಅಡುಗೆ ಮನೆ’, ‘ಅಡಿಗೆಮನೆ’ ಈ ಮೂರೂ ನಮಗೆ ಒಂದೇ ಕೋಣೆ. ಶೀರ್ಷಿಕೆಗಳನ್ನು ಅಕ್ಷರ ನೋಡಿ ವಿಂಗಡಿಸುವ ತಂತ್ರಾಂಶಕ್ಕೆ ಮೂರು ಬೇರೆ ಬೇರೆ ಲೊಕೇಶನ್‌ಗಳು. ಬರೆಯಲು ಕೂರುವ ಮೊದಲೇ ಜಾಗಗಳ ಹೆಸರನ್ನು ಒಂದು ಹಾಳೆಯಲ್ಲಿ ಬರೆದಿಟ್ಟುಕೊಂಡರೆ ಈ ಗೊಂದಲವೇ ಇರುವುದಿಲ್ಲ.

ಹೊತ್ತಿನ ವಿಷಯದಲ್ಲಿ ‘ಹಗಲು’, ‘ರಾತ್ರಿ’ ಎಂಬೆರಡು ಪದಗಳು ಬಹುಪಾಲು ದೃಶ್ಯಗಳಿಗೆ ಸಾಕು. ‘ಮುಂಜಾವು’, ‘ಮುಸ್ಸಂಜೆ’ ಎಂದು ಬರೆಯುವ ಮೊದಲು ಕಥೆಗೆ ಆ ಬೆಳಕು ನಿಜವಾಗಿಯೂ ಬೇಕೇ ಎಂದು ಕೇಳಿಕೊಳ್ಳಿ, ಏಕೆಂದರೆ ನಮ್ಮ ಅಕ್ಷಾಂಶದಲ್ಲಿ ಸೂರ್ಯ ಮುಳುಗಿದ ಮೇಲೆ ಬಳಸಬಹುದಾದ ಬೆಳಕು ಉಳಿಯುವುದು 20ರಿಂದ 25 ನಿಮಿಷ ಮಾತ್ರ. ನಾಲ್ಕು ಪುಟದ ಸಂಭಾಷಣೆಯ ಮೇಲೆ ‘ಮುಸ್ಸಂಜೆ’ ಎಂದು ಬರೆದರೆ ಇಡೀ ಯೂನಿಟ್ ಹಲವು ದಿನ ಅದೇ 20 ನಿಮಿಷಕ್ಕಾಗಿ ಕಾಯಬೇಕಾಗುತ್ತದೆ. ರಾತ್ರಿಯ ಒಳಾಂಗಣವನ್ನು ಕಿಟಕಿಗಳಿಗೆ ಕಪ್ಪು ಬಟ್ಟೆ ಕಟ್ಟಿ ಹಗಲಿನಲ್ಲಿಯೇ ಚಿತ್ರೀಕರಿಸಬಹುದು. ರಾತ್ರಿಯ ಹೊರಾಂಗಣಕ್ಕೆ ಸಾಮಾನ್ಯವಾಗಿ ಜನರೇಟರ್, ದೊಡ್ಡ ದೀಪಗಳು, ರಾತ್ರಿಯ ಕಾಲ್‌ಶೀಟ್ ಎಲ್ಲವೂ ಬೇಕಾಗುತ್ತವೆ. ಹಾಗೆಂದು ಖರ್ಚಿಗೆ ಹೆದರಿ ಕಥೆಯ ರಾತ್ರಿಯನ್ನು ಹಗಲಾಗಿಸಬೇಕಿಲ್ಲ, ಆದರೆ ಆ ಒಂದು ಪದದ ಹಿಂದೆ ಎಷ್ಟು ಜನರ ನಿದ್ದೆಯಿದೆ ಎಂಬ ಅರಿವಿನಿಂದ ಬರೆಯಬೇಕು. ‘ಬೆಳಿಗ್ಗೆ 10.15’ ಎಂಬಂಥ ಗಡಿಯಾರದ ಸಮಯ ಶೀರ್ಷಿಕೆಗೆ ಸೇರಿದ್ದಲ್ಲ. ಪ್ರೇಕ್ಷಕರಿಗೆ ಅದು ತಿಳಿಯಬೇಕಾದರೆ ಗೋಡೆ ಗಡಿಯಾರವನ್ನು ವಿವರಣೆಯಲ್ಲಿ ತೋರಿಸಿ.

ನಿಮ್ಮ ಜಗಳದ ದೃಶ್ಯಕ್ಕೆ ಬರೋಣ. ಮಾತು ನಿಲ್ಲದೆ ಸಾಗುತ್ತದೆ ಎಂಬುದನ್ನು ತಿಳಿಸಲು ಹೊತ್ತಿನ ಜೊತೆಗೆ ‘ಮುಂದುವರಿಕೆ’ ಎಂಬ ಪದವನ್ನು ಸೇರಿಸುತ್ತಾರೆ. ಹೊತ್ತಿನ ಬದಲಿಗೆ ಬರೀ ಆ ಪದವನ್ನೇ ಬರೆಯುವವರೂ ಇದ್ದಾರೆ, ಅಮೆರಿಕದ ಚಿತ್ರಕಥೆಗಳಲ್ಲಿ ಅದೇ ಹೆಚ್ಚು ಬಳಕೆಯಲ್ಲಿದೆ, ಆದರೆ ದೃಶ್ಯಗಳನ್ನು ಕ್ರಮ ತಪ್ಪಿಸಿ ಜೋಡಿಸಿದಾಗ ‘ಮುಂದುವರಿಕೆ’ ಎಂಬುದು ಹಗಲಿನದೋ ರಾತ್ರಿಯದೋ ತಿಳಿಯುವುದಿಲ್ಲ. ಎರಡನ್ನೂ ಬರೆಯುವುದು ಕ್ಷೇಮ:

ಒಳಾಂಗಣ. ಶಾರದಮ್ಮನ ಮನೆ – ಅಡುಗೆಮನೆ – ಹಗಲು

ಶಾರದಮ್ಮ ಒಲೆಯ ಮೇಲಿನ ಪಾತ್ರೆಯನ್ನು ಇಳಿಸುತ್ತಾಳೆ. ಬಾಗಿಲಲ್ಲಿ ನಿಂತ ಮಗನನ್ನು ನೋಡದೆ ಅವನನ್ನು ಸರಿಸಿಕೊಂಡು ಹೊರಡುತ್ತಾಳೆ.

ಒಳಾಂಗಣ. ಶಾರದಮ್ಮನ ಮನೆ – ನಡುಮನೆ – ಹಗಲು – ಮುಂದುವರಿಕೆ

ಮಗ ಹಿಂಬಾಲಿಸುತ್ತಾನೆ. ಅವಳು ಮೂಲೆಯಲ್ಲಿದ್ದ ಖಾಲಿ ಕೊಡವನ್ನು ಸೊಂಟಕ್ಕೇರಿಸಿಕೊಳ್ಳುತ್ತಾಳೆ.

ಹೊರಾಂಗಣ. ಶಾರದಮ್ಮನ ಮನೆ – ಹಿತ್ತಿಲು – ಹಗಲು – ಮುಂದುವರಿಕೆ

ಬಾವಿಕಟ್ಟೆಯ ಮೇಲೆ ಕೊಡವನ್ನು ಕುಕ್ಕುತ್ತಾಳೆ.

ಪ್ರತಿ ಶೀರ್ಷಿಕೆಯ ಕೆಳಗೆ ಒಂದು ಸಾಲಾದರೂ ವಿವರಣೆ ಇರುವುದನ್ನು ಗಮನಿಸಿ. ಶೀರ್ಷಿಕೆಯಿಂದ ನೇರವಾಗಿ ಸಂಭಾಷಣೆಗೆ ಹಾರಿದರೆ ಓದುವವರಿಗೆ ಆ ಜಾಗದಲ್ಲಿ ಯಾರಿದ್ದಾರೆ ಎಂಬುದೇ ಕಾಣುವುದಿಲ್ಲ. ಶೀರ್ಷಿಕೆಗಳು ಓಟಕ್ಕೆ ಅಡ್ಡ ಬರುತ್ತವೆಂದು ನಿಮಗೆ ಅನ್ನಿಸಿದರೆ ಮೊದಲ ಕರಡಿನಲ್ಲಿ ನಡುಮನೆಗೆ ಪೂರ್ಣ ಶೀರ್ಷಿಕೆಯ ಬದಲು ‘ನಡುಮನೆ’ ಎಂಬ ಒಂದೇ ಪದದ ಉಪಶೀರ್ಷಿಕೆಯನ್ನು ಪ್ರತ್ಯೇಕ ಸಾಲಿನಲ್ಲಿ ಕೊಡಬಹುದು, ಏಕೆಂದರೆ ಅಲ್ಲಿ ಮನೆಯೂ ಹೊತ್ತೂ ಒಳಾಂಗಣವೆಂಬುದೂ ಬದಲಾಗಿಲ್ಲ. ಹಿತ್ತಿಲಿಗೆ ಈ ರಿಯಾಯಿತಿ ಇಲ್ಲ. ಒಳಗಿನಿಂದ ಹೊರಗೆ ಬಂದ ಕೂಡಲೇ ಪೂರ್ಣ ಶೀರ್ಷಿಕೆ ಬೇಕು. ಇಡೀ ನಡಿಗೆಯನ್ನು ಕತ್ತರಿಸದೆ ಒಂದೇ ಶಾಟ್‌ನಲ್ಲಿ ತೆಗೆಯಬೇಕೆಂಬುದು ನಿರ್ದೇಶಕರ ಜೊತೆ ಮಾತಾಡಿ ತೀರ್ಮಾನವಾಗಿದ್ದರೆ ಮಾತ್ರ ಮೂರು ಜಾಗಗಳನ್ನು ಒಂದೇ ‘ಒಳ/ಹೊರ’ ಶೀರ್ಷಿಕೆಯಲ್ಲಿ ಸೇರಿಸಿ.

ಶೀರ್ಷಿಕೆಗೆ ಸೇರಬಾರದ್ದು ಇನ್ನೂ ಕೆಲವಿದೆ. ‘ಉದ್ವಿಗ್ನ ವಾತಾವರಣ’, ‘ಕ್ಲೋಸ್‌ಅಪ್’, ‘ಹಿನ್ನೆಲೆಯಲ್ಲಿ ಕೋಗಿಲೆ’ ಇವೆಲ್ಲ ಕೆಳಗಿನ ವಿವರಣೆಗೆ ಸೇರಿದವು. ಹಿಂದಿನ ಕಾಲದ ದೃಶ್ಯವಾದರೆ ವರ್ಷವನ್ನು ಹೊತ್ತಿನ ಪಕ್ಕದಲ್ಲಿ ಬರೆಯಬಹುದು, ಕಲಾ ವಿಭಾಗಕ್ಕೂ ವಸ್ತ್ರ ವಿಭಾಗಕ್ಕೂ ಅದು ನೇರವಾಗಿ ಬೇಕಾದ ಮಾಹಿತಿ. ನಮ್ಮಲ್ಲಿ ಶೀರ್ಷಿಕೆಯ ಕೆಳಗೆ ಆ ದೃಶ್ಯದ ಪಾತ್ರಗಳ ಹೆಸರನ್ನು ಪಟ್ಟಿ ಮಾಡುವ ರೂಢಿಯೂ ಇದೆ. ಅದು ಹಾಲಿವುಡ್ ಕ್ರಮದಲ್ಲಿ ಇಲ್ಲವೆಂಬ ಕಾರಣಕ್ಕೆ ಬಿಡಬೇಕಾಗಿಲ್ಲ, ಕಲಾವಿದರ ದಿನಾಂಕ ಹೊಂದಿಸುವವರಿಗೆ ಅದರಿಂದ ಬಹಳ ಉಪಕಾರವಾಗುತ್ತದೆ.

ಇಂಗ್ಲಿಷ್ ಚಿತ್ರಕಥೆಯಲ್ಲಿ ಶೀರ್ಷಿಕೆಯನ್ನು ದೊಡ್ಡಕ್ಷರಗಳಲ್ಲಿ ಬರೆಯುವುದರಿಂದ ಅದು ಪುಟದಲ್ಲಿ ಎದ್ದು ಕಾಣುತ್ತದೆ. ನಮ್ಮ ಲಿಪಿಯಲ್ಲಿ ಆ ಭೇದವಿಲ್ಲದ ಕಾರಣ ಶೀರ್ಷಿಕೆಯನ್ನು ದಪ್ಪಕ್ಷರದಲ್ಲಿಯೋ ಅಡಿಗೆರೆಯೊಂದಿಗೋ ಬರೆದು, ಮೇಲೆ ಕೆಳಗೆ ಖಾಲಿ ಸಾಲು ಬಿಡಿ. ಫೌಂಟನ್ ಎಂಬ ಸರಳ ಪಠ್ಯ ಪದ್ಧತಿಯಲ್ಲಿ ಬರೆಯುವವರಿಗೆ ಇನ್ನೊಂದು ತೊಡಕು ಎದುರಾಗುತ್ತದೆ. ಇಂಟೀರಿಯರ್, ಎಕ್ಸ್‌ಟೀರಿಯರ್ ಎಂಬ ಪದಗಳ ಮೊದಲ ಮೂರು ಇಂಗ್ಲಿಷ್ ಅಕ್ಷರಗಳಿಂದ ಆರಂಭವಾಗುವ ಸಾಲುಗಳನ್ನು ಅದು ತಾನಾಗಿಯೇ ಶೀರ್ಷಿಕೆಯೆಂದು ಗುರುತಿಸುತ್ತದೆ, ‘ಒಳಾಂಗಣ’ ಎಂದು ಆರಂಭವಾಗುವ ಸಾಲನ್ನು ಗುರುತಿಸುವುದಿಲ್ಲ. ಸಾಲಿನ ಮೊದಲಿಗೆ ಒಂದು ಚುಕ್ಕಿ ಇಟ್ಟು ‘.ಒಳಾಂಗಣ. ಶಾರದಮ್ಮನ ಮನೆ’ ಎಂದು ಬರೆದರೆ ಅದನ್ನು ಶೀರ್ಷಿಕೆಯೆಂದೇ ಸ್ವೀಕರಿಸುತ್ತದೆ, ಮುದ್ರಿಸುವಾಗ ಆ ಚುಕ್ಕಿ ಕಾಣಿಸುವುದಿಲ್ಲ.

ದೃಶ್ಯ ಸಂಖ್ಯೆಯನ್ನು ಈಗಲೇ ಹಾಕಬೇಕೇ ಎಂದು ನೀವು ಕೇಳಿಲ್ಲವಾದರೂ ಅದು ಮುಂದಿನ ಪ್ರಶ್ನೆಯಾಗಿ ಬಂದೇ ಬರುತ್ತದೆ. ಕರಡು ತಿದ್ದುತ್ತಿರುವವರೆಗೂ ಸಂಖ್ಯೆ ಬೇಡ. ಚಿತ್ರೀಕರಣಕ್ಕೆ ಅಂತಿಮಗೊಂಡ ಪ್ರತಿಯಲ್ಲಿ ಅದು ಕಡ್ಡಾಯ, ಮತ್ತು ಒಮ್ಮೆ ಹಾಕಿದ ಮೇಲೆ ಬದಲಿಸುವಂತಿಲ್ಲ, ಏಕೆಂದರೆ ಶೆಡ್ಯೂಲ್, ಕ್ಲಾಪ್‌ಬೋರ್ಡ್, ಕಂಟಿನ್ಯುಟಿ ಪುಸ್ತಕ (ಒಂದು ಶಾಟ್‌ನ ವಿವರಗಳು ಇನ್ನೊಂದಕ್ಕೆ ಹೊಂದುವಂತೆ ಬರೆದಿಡುವ ದಾಖಲೆ), ಸಂಕಲನದ ಕಡತಗಳು ಎಲ್ಲವೂ ಅದೇ ಸಂಖ್ಯೆಯನ್ನು ಹಿಡಿದು ನಡೆಯುತ್ತವೆ. ಆಮೇಲೆ 42 ಮತ್ತು 43ರ ನಡುವೆ ಹೊಸ ದೃಶ್ಯ ಸೇರಿದರೆ ಅದಕ್ಕೆ 42ಎ ಎಂದು ಕೊಡುತ್ತಾರೆ. 57ನೆಯ ದೃಶ್ಯವನ್ನು ಕೈಬಿಟ್ಟರೆ ಆ ಸಂಖ್ಯೆಯನ್ನು ಉಳಿಸಿಕೊಂಡು ಅದರ ಮುಂದೆ ‘ಕೈಬಿಡಲಾಗಿದೆ’ ಎಂದು ಬರೆದು 58ಕ್ಕೆ ಹೋಗುತ್ತಾರೆ.