ಮಹಾಮಾರಿ ಬಂದಾಗ ಯಾವ ದೇಶ ಎಷ್ಟು ಚುರುಕು?

2019ರ ಅಕ್ಟೋಬರ್‌ನಲ್ಲಿ, ಅಂದ್ರೆ ಕೋವಿಡ್ ಶುರುವಾಗೋಕೆ ಸ್ವಲ್ಪ ಮುಂಚೆ, 195 ದೇಶಗಳಿಗೆ ಮಾರ್ಕ್ಸ್ ಕೊಟ್ಟ ಒಂದು ಪಟ್ಟಿ ಬಂತು, ಗ್ಲೋಬಲ್ ಹೆಲ್ತ್ ಸೆಕ್ಯುರಿಟಿ ಇಂಡೆಕ್ಸ್ ಅಂತ. ಸಾಂಕ್ರಾಮಿಕ ಬಂದ್ರೆ ಎದುರಿಸೋಕೆ ಯಾರು ಎಷ್ಟು ರೆಡಿ ಅನ್ನೋ ಲೆಕ್ಕ ಅದು. ಅಮೆರಿಕ ಫಸ್ಟು, ಬ್ರಿಟನ್ ಸೆಕೆಂಡು. 2022ರ ಮೇ ಹೊತ್ತಿಗೆ ಅದೇ ಅಮೆರಿಕದಲ್ಲಿ ಕೋವಿಡ್‌ಗೆ ಸತ್ತವರು 10 ಲಕ್ಷ ದಾಟಿದ್ರು. ಲ್ಯಾಬು, ದುಡ್ಡು, ವಿಜ್ಞಾನಿಗಳು ಯಾವುದಕ್ಕೂ ಕೊರತೆ ಇರ್ಲಿಲ್ಲ, ಕೈಗೆ ಬರಬೇಕಾದ ಹೊತ್ತಿಗೆ ಬರ್ಲಿಲ್ಲ ಅಷ್ಟೆ.

ಹಾಗಾಗಿ ನಾನು ಮೊದಲು ನೋಡೋದು ದಿನಗಳ ಲೆಕ್ಕ. ಸೋಂಕು ಮೂರು ದಿನಕ್ಕೊಮ್ಮೆ ಡಬಲ್ ಆಗ್ತಿದೆ ಅಂತ ಇಟ್ಕೊಳ್ಳಿ, ಎರಡು ವಾರ ಯೋಚನೆ ಮಾಡ್ತಾ ಕೂತ್ರೆ 100 ಇದ್ದಿದ್ದು ಹತ್ತಿರ ಹತ್ತಿರ 2,500 ಆಗಿರುತ್ತೆ.

ದಕ್ಷಿಣ ಕೊರಿಯಾಗೆ ಇದು ಪೆಟ್ಟು ತಿಂದು ಗೊತ್ತಾಗಿತ್ತು. 2015ರಲ್ಲಿ ಅಲ್ಲಿ ಮರ್ಸ್ (ಇನ್ನೊಂದು ಥರದ ಕೊರೊನಾ ವೈರಸ್‌ನಿಂದ ಬರೋ ಉಸಿರಾಟದ ಕಾಯಿಲೆ) ಬಂದು 38 ಜನ ಸತ್ರು, ಆಮೇಲೆ ಸರ್ಕಾರ ನಿಯಮ ತಿದ್ದಿ ತುರ್ತು ಹೊತ್ತಲ್ಲಿ ಕಂಪನಿಗಳ ಟೆಸ್ಟ್ ಕಿಟ್‌ಗೆ ಬೇಗ ಒಪ್ಪಿಗೆ ಸಿಗೋ ಹಾಗೆ ಮಾಡ್ತು. 2020ರ ಜನವರಿ 27ಕ್ಕೆ ದೇಶದಲ್ಲಿ ಇದ್ದಿದ್ದು ನಾಲ್ಕೇ ನಾಲ್ಕು ಕೇಸು, ಅಷ್ಟಕ್ಕೇ ಅಧಿಕಾರಿಗಳು ಕಿಟ್ ಕಂಪನಿಯವರನ್ನೆಲ್ಲ ಸಿಯೋಲ್ ರೈಲ್ವೆ ಸ್ಟೇಷನ್‌ನಲ್ಲೇ ಒಂದು ರೂಮಿಗೆ ಕರೆಸಿ, ಕಿಟ್ ಮಾಡಿ, ಒಪ್ಪಿಗೆ ನಾವು ಬೇಗ ಕೊಡ್ತೀವಿ ಅಂದ್ರು, ಫೆಬ್ರವರಿ 4ಕ್ಕೆ ಮೊದಲ ಕಿಟ್ ಪಾಸಾಯ್ತು. ಅದೇ ಹೊತ್ತಿಗೆ ಅಮೆರಿಕದ ಸಿಡಿಸಿ, ಅಂದ್ರೆ ರೋಗ ತಡೆಯೋ ಕೆಲಸದ ಕೇಂದ್ರ ಸರ್ಕಾರಿ ಸಂಸ್ಥೆ, ರಾಜ್ಯಗಳ ಲ್ಯಾಬಿಗೆ ಕಳಿಸಿದ ಕಿಟ್ಟು, ವೈರಸ್ಸೇ ಇಲ್ಲದ ಸ್ಯಾಂಪಲ್ಲಿಗೂ ವೈರಸ್ ಇದೆ ಅನ್ನೋ ಥರ ತೋರಿಸ್ತಿತ್ತು, ಬೇರೆ ಲ್ಯಾಬುಗಳಿಗೆ ತಮ್ಮ ಟೆಸ್ಟ್ ಬಳಸೋಕೆ ಸಡಿಲಿಕೆ ಸಿಗೋಷ್ಟರಲ್ಲಿ ಫೆಬ್ರವರಿ 29. ಎರಡೂ ದೇಶದಲ್ಲಿ ಮೊದಲ ಕೇಸು ಗೊತ್ತಾಗಿದ್ದು ಜನವರಿ 20ರ ಆಸುಪಾಸಲ್ಲೇ! ಇದನ್ನ ಓದಿದಾಗೆಲ್ಲ ಹೊಟ್ಟೆ ಉರಿಯುತ್ತೆ ನಂಗೆ.

ಇನ್ನು ಯಾರು ಚೆನ್ನಾಗಿ ನಿಭಾಯಿಸಿದ್ರು ಅಂತ ಕೇಸ್ ಸಂಖ್ಯೆ ನೋಡಿ ಹೇಳೋಕಾಗಲ್ಲ, ಟೆಸ್ಟೇ ಮಾಡದಿದ್ರೆ ಕೇಸೂ ಇರಲ್ಲ. ಸಾವಿನ ಲೆಕ್ಕಾನೂ ಪೂರ್ತಿ ನಂಬೋ ಹಾಗಿಲ್ಲ. ಪೆರು ದೇಶ 2021ರ ಮೇ ಕೊನೇಲಿ ತನ್ನ ಲೆಕ್ಕಾನ ತಾನೇ ತಿದ್ಕೊಂಡಾಗ 69 ಸಾವಿರ ಚಿಲ್ಲರೆ ಇದ್ದ ಸಾವು ಒಂದೇ ಏಟಿಗೆ 1.8 ಲಕ್ಷ ಆಯ್ತು. ಒಪ್ಕೊಂಡ ಆ ಧೈರ್ಯ ದೊಡ್ಡದು ಅಂತೀನಿ ನಾನು.

ಅದಕ್ಕೇ ತಜ್ಞರು ಹೆಚ್ಚುವರಿ ಸಾವು ಅಂತ ನೋಡ್ತಾರೆ, ಮಾಮೂಲಿ ವರ್ಷಗಳಲ್ಲಿ ಎಷ್ಟು ಜನ ಸಾಯ್ತಿದ್ರು, ಈಗ ಅದಕ್ಕಿಂತ ಎಷ್ಟು ಜಾಸ್ತಿ ಅನ್ನೋದು. 2020 ಮತ್ತು 2021 ಸೇರಿ ದೇಶಗಳು ವರದಿ ಮಾಡಿದ ಕೋವಿಡ್ ಸಾವು ಸುಮಾರು 54 ಲಕ್ಷ, ವಿಶ್ವ ಆರೋಗ್ಯ ಸಂಸ್ಥೆ ಅಂದಾಜು ಮಾಡಿದ ಹೆಚ್ಚುವರಿ ಸಾವು 1.49 ಕೋಟಿ. ನಡುವಿನ ಆ 95 ಲಕ್ಷದಲ್ಲಿ ಕೋವಿಡ್‌ನಿಂದಲೇ ಹೋಗಿ ಲೆಕ್ಕಕ್ಕೆ ಸಿಗದವರೂ ಇದ್ದಾರೆ, ಆಸ್ಪತ್ರೆ ತುಂಬಿಹೋಗಿ ಬೆಡ್ ಸಿಗದೆ ಬೇರೆ ಕಾಯಿಲೆಯಿಂದ ಹೋದವರೂ ಇದ್ದಾರೆ.