ಗರಗಸದ ಅಲೆಯೂ ಅಂತರ ಗಾಂಧಾರವೂ

432 ಹರ್ಟ್ಜ್‌ ನಾದಕ್ಕೆ ರೋಗ ವಾಸಿಮಾಡುವ ದೈವಿಕ ಶಕ್ತಿಯಿದೆ ಎಂಬ ಸಂದೇಶ ನಮ್ಮ ಶಿವಮೊಗ್ಗದ ಸಂಗೀತಾಸಕ್ತರ ಮೊಬೈಲುಗಳಲ್ಲಿಯೂ ಹರಿದಾಡುತ್ತಿರುವುದು ಕಳವಳದ ಸಂಗತಿ. ಹರ್ಟ್ಜ್ ಎಂಬುದು ಸೆಕೆಂಡಿಗೆ ಎಷ್ಟು ಕಂಪನಗಳು ಎಂಬ ಲೆಕ್ಕ. ದಿನವನ್ನು 86,400 ಭಾಗ ಮಾಡಿ ಸೆಕೆಂಡನ್ನು ಗೊತ್ತುಪಡಿಸಿಕೊಂಡವರು ಮನುಷ್ಯರೇ ಆಗಿರುವಾಗ ಆ ಅಂಕಿಯಲ್ಲಿ ದೈವಿಕವಾದುದು ಅಡಗಿರುವುದಾದರೂ ಹೇಗೆ? ಸಾಗರ, ತೀರ್ಥಹಳ್ಳಿಗಳ ಕಡೆಯ ಯಕ್ಷಗಾನ ಭಾಗವತರು ತಮ್ಮ ಕಂಠಕ್ಕೆ ಒಗ್ಗುವಂತೆ ಹಾರ್ಮೋನಿಯಂ ಮನೆಗಳಲ್ಲಿ ಕಪ್ಪು ಎರಡನ್ನೋ ಬಿಳಿ ನಾಲ್ಕನ್ನೋ ಶ್ರುತಿಯಾಗಿ ಹಿಡಿಯುತ್ತಾರೆ. ಶ್ರುತಿಯ ಎತ್ತರವೇ ಬೇರೆ, ನಾದದ ಗುಣವೇ ಬೇರೆ ಎಂಬುದನ್ನು ವಿದ್ಯುತ್ತಿನಿಂದ ನಾದ ಹುಟ್ಟಿಸುವ ಸಿಂಥಸೈಜರ್ ವಾದ್ಯದಲ್ಲಿ ಕಂಪನವನ್ನು ಉಂಟುಮಾಡುವ ಆಸಿಲೇಟರಿನಷ್ಟು ಸ್ಪಷ್ಟವಾಗಿ ತೋರಿಸುವ ಸಾಧನ ಮತ್ತೊಂದಿಲ್ಲ.

ಅಡಿಕೆ ದಬ್ಬೆಯಲ್ಲಿ ಹರಿದು ಬರುವ ಅಬ್ಬಿ ನೀರಿಗೆ ಒಂದು ಕೊಳಗವನ್ನು ಹಿಡಿದು, ಅದು ಅಂಚಿನವರೆಗೆ ತುಂಬಿದೊಡನೆ ಒಮ್ಮೆಲೇ ಬರಿದುಮಾಡಿ ಮತ್ತೆ ಹಿಡಿಯುತ್ತ ಹೋದರೆ, ನೀರಿನ ಮಟ್ಟ ನಿಧಾನವಾಗಿ ಏರುತ್ತ, ತಟ್ಟನೆ ಇಳಿಯುತ್ತ, ಗರಗಸದ ಹಲ್ಲಿನಂತಹ ರೇಖೆಯನ್ನು ಬರೆಯುತ್ತದೆ. ಮಳೆಗಾಲದಲ್ಲಿ ಹರಿವು ಇಮ್ಮಡಿಯಾದರೆ ಹಲ್ಲುಗಳು ಒತ್ತೊತ್ತಾಗುತ್ತವೆಯೇ ಹೊರತು ಅವುಗಳ ಆಕಾರ ಬದಲಾಗುವುದಿಲ್ಲ. ಆಸಿಲೇಟರಿನಲ್ಲಿ ಕೊಳಗದ ಕೆಲಸವನ್ನು ವಿದ್ಯುತ್ತನ್ನು ತುಂಬಿಟ್ಟುಕೊಳ್ಳುವ ಕೆಪಾಸಿಟರ್ ಮಾಡುತ್ತದೆ, ನೀರಿನ ಕೆಲಸವನ್ನು ವಿದ್ಯುತ್ ಪ್ರವಾಹ ಮಾಡುತ್ತದೆ. ಸೆಕೆಂಡಿಗೆ ಎಷ್ಟು ಬಾರಿ ತುಂಬಿ ಬರಿದಾಯಿತು ಎಂಬುದೇ ಶ್ರುತಿ. ತುಂಬಿ ಬರಿದಾಗುವ ರೀತಿಯೇ ನಾದಗುಣ.

ಆಕಾರಕ್ಕೆ ಇಷ್ಟು ಮಹತ್ವವೇಕೆ ಎಂಬುದಕ್ಕೆ ಉತ್ತರ ಫ್ರಾನ್ಸಿನ ಗಣಿತಜ್ಞ ಫೂರಿಯೆ 1822ರಲ್ಲಿ ಶಾಖದ ಹರಿವನ್ನು ಕುರಿತು ಪ್ರಕಟಿಸಿದ ಗ್ರಂಥದಲ್ಲಿದೆ. ಒಂದೇ ಸಮನೆ ಮರುಕಳಿಸುವ ಅಲೆಯನ್ನು ನುಣುಪಾಗಿ ಏರಿಳಿಯುವ ಸರಳವಾದ ಸೈನ್ ಅಲೆಗಳ ಮೊತ್ತವಾಗಿ ಬಿಡಿಸಬಹುದು. 220 ಹರ್ಟ್ಜ್‌ನ ಗರಗಸದ ಅಲೆಯಲ್ಲಿ 440, 660, 880, 1100 ಹೀಗೆ ಎಲ್ಲ ಗುಣಕಗಳೂ ಕ್ರಮವಾಗಿ ಕ್ಷೀಣಿಸುತ್ತ ಇರುತ್ತವೆ. 220 ನಮ್ಮ ಷಡ್ಜವಾದರೆ 440 ಮೇಲಿನ ಷಡ್ಜ, 660 ಅದರ ಪಂಚಮ, 1100 ಇನ್ನೂ ಒಂದು ಸ್ಥಾಯಿ ಮೇಲಿನ ಅಂತರ ಗಾಂಧಾರ. ಚೆನ್ನಾಗಿ ಶ್ರುತಿಗೂಡಿದ ತಂಬೂರಿಯಲ್ಲಿ ಯಾರೂ ಮೀಟದೆಯೇ ಕೇಳಿಬರುವ ಗಾಂಧಾರವೂ ಇದೇ. ಚೌಕ ಅಲೆಯಲ್ಲಿ ಬೆಸ ಗುಣಕಗಳು ಮಾತ್ರ ಉಳಿಯುವುದರಿಂದ ಅದು ಕ್ಲಾರಿನೆಟ್ಟಿನಂತೆ ಟೊಳ್ಳಾಗಿ ಕೇಳಿಸುತ್ತದೆ. ತ್ರಿಕೋನ ಅಲೆಯಲ್ಲಿಯೂ ಇರುವುದು ಬೆಸ ಗುಣಕಗಳೇ. ಆದರೆ ಮೂರನೆಯದು ಮೂಲದ ಒಂಬತ್ತನೆಯ ಒಂದು ಪಾಲಿಗೆ ಇಳಿದುಹೋಗುವುದರಿಂದ ನಾದ ಮೃದುವಾಗುತ್ತದೆ. ಆಸಿಲೇಟರನ್ನು 432ಕ್ಕೇ ನಿಲ್ಲಿಸಿ ಅಲೆಯ ಆಕಾರವನ್ನಷ್ಟೇ ಬದಲಿಸುತ್ತ ಹೋದರೆ ಅದೇ ಅಂಕಿ ಒಮ್ಮೆ ಕರ್ಕಶವಾಗಿಯೂ ಒಮ್ಮೆ ಕೊಳಲಿನಂತೆಯೂ ಕೇಳಿಸುವುದನ್ನು ಯಾರು ಬೇಕಾದರೂ ಪರೀಕ್ಷಿಸಬಹುದು.

ಕಿವಿ ಸ್ಥಾಯಿಗಳನ್ನು ಅಳೆಯುವುದು ಕೂಡಿಕೆಯಿಂದಲ್ಲ, ಇಮ್ಮಡಿಯಿಂದ. ಆದ್ದರಿಂದಲೇ 1964ರಲ್ಲಿ ಅಮೆರಿಕದ ರಾಬರ್ಟ್ ಮೂಗ್ ರೂಪಿಸತೊಡಗಿದ ಸಿಂಥಸೈಜರಿನಲ್ಲಿ ಒಂದು ವೋಲ್ಟ್ ಹೆಚ್ಚಿಸಿದರೆ ಕಂಪನಾಂಕ ಇಮ್ಮಡಿಯಾಗುವ ಏರ್ಪಾಟಿತ್ತು. ವೋಲ್ಟೇಜ್ ಸಮಸಮವಾಗಿ ಏರಿದಂತೆ ಪ್ರವಾಹ ಗುಣಿಸುತ್ತ ಏರುವುದು ಟ್ರಾನ್ಸಿಸ್ಟರಿನ ಸಹಜ ಗುಣ. ಮೂಗ್ ಅದನ್ನೇ ಬಳಸಿಕೊಂಡದ್ದು ನಿಜಕ್ಕೂ ಸೊಗಸಾದ ಉಪಾಯ. ಆದರೆ ಆ ಗುಣ ಶಾಖಕ್ಕೆ ತಕ್ಕಂತೆ ಬದಲಾಗುವುದರಿಂದ ಆ ಕಾಲದ ವಾದ್ಯಗಳು ಬಿಸಿಯಾದಂತೆಲ್ಲ ಶ್ರುತಿ ತಪ್ಪುತ್ತಿದ್ದವು. ಅಲೆಯ ಆಕಾರ ಹಾಗೆಯೇ ಉಳಿಯುತ್ತಿದ್ದುದರಿಂದ ನಾದಗುಣಕ್ಕೆ ಮಾತ್ರ ಏನೂ ಆಗುತ್ತಿರಲಿಲ್ಲ.