ಕೈಗವಸು ಹಾಕುವ ಮೊದಲೇ ತೀರ್ಪು

ಶವಾಗಾರದ ಬಾಗಿಲಲ್ಲಿ ಹುಡುಗನೊಬ್ಬ ಮೊಬೈಲ್ ಚಾಚಿದ. "ಸಾರ್, ಇದು ಆಸಿಡ್ ಅಲ್ವಾ?" ಒಳಗೆ ಮೇಜಿನ ಮೇಲಿದ್ದ ಶವದ್ದೇ ಫೋಟೊ. ಕೆರೆಯಿಂದ ಎತ್ತುವಾಗ ಯಾರೋ ತೆಗೆದದ್ದು. ನಾನಿನ್ನೂ ಕೈಗವಸು ಕೂಡ ಹಾಕಿರಲಿಲ್ಲ. ಫೋಟೊ ಕೆಳಗೆ ಕೊಂದವರು ಯಾರು, ಕೊಲ್ಲಿಸಿದ್ದು ಯಾವ ಪಕ್ಷ, ಎಲ್ಲಾ ಬರೆದಾಗಿತ್ತು.

ಅದು ಆಸಿಡ್ ಆಗಿರಲಿಲ್ಲ. ನೀರಿನಲ್ಲಿ ಎರಡು ಮೂರು ದಿನ ಇದ್ದ ಶವ ಹಾಗೇ ಕಾಣುತ್ತದೆ.

ನಮ್ಮ ಸೆಕೆಗೆ ಶವ ಬೇಗ ಕೊಳೆಯುತ್ತದೆ. ಚರ್ಮದ ಮೇಲ್ಪದರ ಸಡಿಲವಾಗಿ, ಮುಟ್ಟಿದರೆ ಸುಲಿದು ಬರುತ್ತದೆ. ಕೆಳಗಿನ ಭಾಗ ಬಿಸಿ ಎಣ್ಣೆ ಬಿದ್ದ ಹಾಗೆ ಕಾಣುತ್ತದೆ. ಮುಖ ಊದಿ ಕಪ್ಪಾಗುತ್ತದೆ, ನಾಲಿಗೆ ಹೊರಗೆ ಬರುತ್ತದೆ. ಹೊಟ್ಟೆಯೊಳಗಿನ ಗಾಳಿಯ ಒತ್ತಡಕ್ಕೆ ಮೂಗು ಬಾಯಿಂದ ಕೆಂಪು ನೀರು ಇಳಿಯುತ್ತದೆ, ನೋಡಿದವರಿಗೆ ಅದು ರಕ್ತ. ತುಟಿ, ಕಣ್ಣುರೆಪ್ಪೆ, ಕಿವಿಯಂಥ ಮೆತ್ತನೆಯ ಕಡೆ ಮೀನು ಏಡಿ ತಿಂದಿರುತ್ತವೆ, ನೋಡಿದವರಿಗೆ ಅದು ಚಾಕು. ಹಾಗಂತ ನೀರಲ್ಲಿ ಸಿಕ್ಕ ಶವವೆಲ್ಲ ಮುಳುಗಿ ಸತ್ತದ್ದೇ ಅನ್ನುತ್ತಿಲ್ಲ. ಕೊಂದು ಕೆರೆಗೆ ಎಸೆಯುವುದೂ ಉಂಟು. ಅದಕ್ಕೇ ಸೀಳಿ ನೋಡಬೇಕು. ಬದುಕಿದ್ದಾಗ ಬಿದ್ದ ಪೆಟ್ಟಾದರೆ ಒಳಗೆ ರಕ್ತ ಹರಡಿರುತ್ತದೆ. ಸತ್ತ ಮೇಲೆ ಆದ ಗಾಯದಲ್ಲಿ ಸಾಮಾನ್ಯವಾಗಿ ಹಾಗೆ ಇರುವುದಿಲ್ಲ. ಮೂಳೆಯ ಮಜ್ಜೆಯಲ್ಲಿ ಡಯಾಟಮ್ ಎಂಬ ಸೂಕ್ಷ್ಮ ಪಾಚಿ ಇದೆಯಾ ಎಂದು ನೋಡುತ್ತಾರೆ. ಉಸಿರಾಡುತ್ತಾ ಮುಳುಗಿದವರ ದೇಹಕ್ಕೆ ಅದು ನೀರಿನ ಜೊತೆ ಹೋಗಿರುತ್ತದೆ. ಆ ಪರೀಕ್ಷೆಯೂ ಪ್ರತಿ ಸಲ ಖಚಿತ ಉತ್ತರ ಕೊಡುವುದಿಲ್ಲ. ವಿಸೆರಾ ವರದಿ, ಅಂದರೆ ಒಳಾಂಗಗಳ ತುಣುಕುಗಳಲ್ಲಿ ವಿಷ ಇದೆಯಾ ಎಂದು ನೋಡಿದ ವರದಿ, ಬರುವುದಕ್ಕೆ ವಾರಗಳು, ಕೆಲವು ಸಲ ತಿಂಗಳುಗಳು ಬೇಕು.

ಫೇಸ್‌ಬುಕ್ಕಿಗೆ ಅಷ್ಟು ಪುರುಸೊತ್ತು ಎಲ್ಲಿ?

2017ರ ಡಿಸೆಂಬರ್‌ನಲ್ಲಿ ಹೊನ್ನಾವರದಲ್ಲಿ ಆದದ್ದು ಇದೇ. ಊರಲ್ಲಿ ಕೋಮು ಗಲಾಟೆ ನಡೆದಿತ್ತು. ಎರಡು ದಿನ ಬಿಟ್ಟು ಡಿಸೆಂಬರ್ 8ರಂದು ಶೆಟ್ಟಿಕೆರೆಯಲ್ಲಿ ಯುವಕನೊಬ್ಬನ ಶವ ಸಿಕ್ಕಿತು. ಚಿತ್ರಹಿಂಸೆ ಕೊಟ್ಟರು, ಕುದಿಯುವ ಎಣ್ಣೆ ಸುರಿದರು, ಅಂಗ ಕತ್ತರಿಸಿದರು ಎಂದು ಸುದ್ದಿ ಹಬ್ಬಿತು. ವಿಧಾನಸಭೆ ಚುನಾವಣೆಗೆ ಐದೇ ತಿಂಗಳಿತ್ತು. ವಿರೋಧ ಪಕ್ಷದವರು ಸರ್ಕಾರದ ಕಡೆ ಬೆರಳು ತೋರಿಸಿದರು, ಆಳುವವರು ಇದು ಹೆಣದ ರಾಜಕೀಯ ಅಂದರು. ಕುಮಟಾದಲ್ಲಿ ಐಜಿಪಿಯವರ ಕಾರಿಗೇ ಬೆಂಕಿ ಬಿತ್ತು. ಆಗ ಪೊಲೀಸರು ಅಪರೂಪದ ಕೆಲಸ ಮಾಡಿದರು. ಪೋಸ್ಟ್‌ಮಾರ್ಟಂ ಮಾಡಿದ ಮಣಿಪಾಲದ ತಜ್ಞರಿಗೆ ಈ ಆರೋಪಗಳನ್ನೇ ಪ್ರಶ್ನೆಗಳಾಗಿ ಬರೆದು ಕಳಿಸಿ, ಬಂದ ಉತ್ತರಗಳನ್ನು ಹೊರಗೆ ಬಿಟ್ಟರು. ಚಿತ್ರಹಿಂಸೆಯ ಮಾತಿಗೆ ಅದರಲ್ಲಿ ಆಧಾರ ಇರಲಿಲ್ಲ. ಆದರೆ ಅಷ್ಟರಲ್ಲಿ ತಡವಾಗಿತ್ತು. ಕೇಸು ಸಿಬಿಐಗೆ ಹೋಯಿತು. 2022ರ ಅಕ್ಟೋಬರ್‌ನಲ್ಲಿ ಸಿಬಿಐ ಹೊನ್ನಾವರದ ಕೋರ್ಟಿಗೆ ಕೊಟ್ಟ ವರದಿ ಇದು ಆಕಸ್ಮಿಕ ಸಾವು, ನೀರಲ್ಲಿ ಮುಳುಗಿ ಸತ್ತದ್ದು ಅಂದಿತು. ಒಪ್ಪದವರು ಆಗಲೂ ಇದ್ದರು. ಸುಮಾರು ಐದು ವರ್ಷ ಒಂದು ಫೋಟೊ ಜೊತೆ ಬದುಕಿದ ಊರು ಒಂದು ವರದಿಗೆ ಬದಲಾಗುತ್ತದಾ?

ಇದು ಒಂದೇ ಪಕ್ಷದ ರೋಗ ಅಂದುಕೊಳ್ಳಬೇಡಿ. ಅದೇ ವರ್ಷ ಸೆಪ್ಟೆಂಬರ್ 5ರ ರಾತ್ರಿ ಬೆಂಗಳೂರಿನ ರಾಜರಾಜೇಶ್ವರಿನಗರದಲ್ಲಿ ಗೌರಿ ಲಂಕೇಶ್ ಅವರನ್ನು ಮನೆ ಬಾಗಿಲಲ್ಲೇ ಗುಂಡಿಟ್ಟು ಕೊಂದರು. ಒಬ್ಬರು ಹಿಂದುತ್ವದವರು ಅಂದರು, ಇನ್ನೊಬ್ಬರು ನಕ್ಸಲರು ಅಂದರು, ಮತ್ತೊಬ್ಬರು ಮನೆ ಜಗಳ ಅಂದರು. ಎಲ್ಲರಿಗೂ ಗೊತ್ತಿತ್ತು. ಗೊತ್ತಿಲ್ಲದೆ ಕೂತವರು ಪ್ರಯೋಗಾಲಯದಲ್ಲಿದ್ದರು. ಅವರ ಮುಂದೆ ಇದ್ದದ್ದು 7.65 ಎಂ.ಎಂ. ಗುಂಡುಗಳು. ಪಿಸ್ತೂಲಿನ ನಳಿಗೆ ಗುಂಡಿನ ಮೇಲೆ, ಫೈರಿಂಗ್ ಪಿನ್ ತೋಟಾದ ತಳದಲ್ಲಿ ಬಿಟ್ಟ ಗೀರು ಗುರುತುಗಳನ್ನು ಸೂಕ್ಷ್ಮದರ್ಶಕದಲ್ಲಿ ಹೋಲಿಸಿದರು. 2015ರ ಆಗಸ್ಟ್ 30ರಂದು ಧಾರವಾಡದಲ್ಲಿ ಎಂ.ಎಂ. ಕಲಬುರ್ಗಿಯವರನ್ನು ಕೊಂದ ಪಿಸ್ತೂಲೂ ಇದೇ ಎಂಬುದು ಹೊರಬಂತು. ವಿಶೇಷ ತನಿಖಾ ತಂಡ (ಎಸ್‌ಐಟಿ) 2018ರ ನವೆಂಬರ್‌ನಲ್ಲಿ ಪೂರ್ತಿ ಆರೋಪಪಟ್ಟಿ ಹಾಕಿತು, 18 ಜನರ ಮೇಲೆ. ಅದು ಹೇಳಿದ್ದು ಹಿಂದುತ್ವದ ಉಗ್ರ ಗುಂಪೊಂದರ ಸಂಚು ಎಂದು. ಆ ರಾತ್ರಿಯ ಊಹೆಗಳಲ್ಲಿ ಒಂದು ಇದಕ್ಕೆ ತಾಳೆಯಾಯಿತು, ನಿಜ. ಆದರೆ ಹಾಗೆ ಊಹಿಸಿದವರಿಗೂ ಅವತ್ತು ಗೊತ್ತಿದ್ದದ್ದು ಉಳಿದವರಷ್ಟೇ. ಇದನ್ನು ಹೇಳಿದರೆ ಗೆಳೆಯರು ನನ್ನ ಮೇಲೇ ಸಿಟ್ಟಾಗುತ್ತಾರೆ.

ತಪ್ಪು ನಮ್ಮ ಕಡೆಯೂ ಇದೆ. ವರದಿ ಬರೆದು ತನಿಖಾಧಿಕಾರಿಗೆ ಕೊಟ್ಟರೆ ನಮ್ಮ ಕೆಲಸ ಮುಗಿಯಿತು. ಹೊರಗೆ ಬಾಯಿ ಬಿಡುವಂತಿಲ್ಲ. ಬಿಡಬಾರದು ಕೂಡ, ಕೋರ್ಟಿನಲ್ಲಿ ಕೇಸು ಕೆಡುತ್ತದೆ. ಹಾಗಾಗಿ ಆ ಹುಡುಗನಿಗೆ "ಆಮೇಲೆ ಹೇಳ್ತೀನಪ್ಪಾ" ಅಂದವನು ಹೇಳಲೇ ಇಲ್ಲ. ನಾನು ಸುಮ್ಮನಿದ್ದಷ್ಟೂ ಹೊತ್ತು ಅವನ ಮೊಬೈಲ್ ಮಾತಾಡುತ್ತಲೇ ಇತ್ತು.

ಅವತ್ತಿನಿಂದ ಒಂದು ಅಭ್ಯಾಸ ಮಾಡಿಕೊಂಡಿದ್ದೇನೆ. ವರದಿಯಲ್ಲಿ 'ಚರ್ಮ ಸುಲಿದಿದೆ' ಎಂಬಂಥ ಮಾತು ಬಂದ ಕಡೆಯೆಲ್ಲ, ಅದು ಸತ್ತ ಮೇಲೆ ಆಗಿದ್ದರೆ, ಅದೇ ಸಾಲಿನಲ್ಲಿ 'ಸಾವಿನ ನಂತರ ಆದದ್ದು' ಎಂದೂ ಬರೆಯುತ್ತೇನೆ. ಮೊದಲು ಅದನ್ನು ಕೊನೆಯ ಪುಟದ ಅಭಿಪ್ರಾಯಕ್ಕೆ ಬಿಡುತ್ತಿದ್ದೆ. ಈಗ ಯಾರಾದರೂ ಒಂದೇ ಪುಟದ ಫೋಟೊ ಹೊಡೆದು ವಾಟ್ಸಾಪಿಗೆ ಬಿಟ್ಟರೂ ಆ ಮೂರು ಪದ ಜೊತೆಗೇ ಹೋಗುತ್ತವೆ.